ಅಪ್ಪ ಕಿತ್ತ ಮೊದಲ ಕಲ್ಲು

ನಮ್ಮಪ್ಪನನ್ನು ಊರೆಲ್ಲ ದಿಮ್ಮಸು ಎಂದೇ ಕರೆಯುತ್ತಿತ್ತು. ನೆಲ ಬಡಿದು ಗಟ್ಟಿಮಾಡುವ ಆ ಭಾರದ ಮರದ ಹಾಗೇ ಅವನ ಮೈ, ಹಾಗೇ ಅವನ ಮಾತು. ನಗರಸಭೆಯಲ್ಲಿ ಬೀದಿಗೆ ಕಲ್ಲು ಹಾಸುವುದು ಅವನ ಕೆಲಸ. ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲಿ. ಅದು ನನಗೂ ಬಂದಿದೆ, ಬೇರೆ ಆಸ್ತಿ ಏನೂ ಬರಲಿಲ್ಲ.

ದೇಶದ ಅಧ್ಯಕ್ಷರ ಕಚೇರಿಯ ಮುಂದಿನ ದೊಡ್ಡ ಚೌಕಕ್ಕೆ ಕಲ್ಲು ಹಾಸಿದ್ದು ಅಪ್ಪನ ಗುಂಪೇ. ಸಿಮೆಂಟ್ ಇಲ್ಲ, ಕೆಳಗೆ ಮರಳು, ಮೇಲೆ ಒತ್ತೊತ್ತಾಗಿ ಕಲ್ಲು. ಒಂದಕ್ಕೊಂದು ಎಷ್ಟು ಬಿಗಿಯೆಂದರೆ ನಡುವೆ ಚಾಕು ಇಳಿಯದು. ಆದರೆ ಹಾಸನ್ನು ಭಾಗ ಮಾಡಿದ ಪ್ರತಿ ಅಂಕಣದಲ್ಲೂ, ದೀಪದ ಕಂಬದ ಬುಡದಲ್ಲಿ, ಒಂದು ಕಲ್ಲನ್ನು ಮಾತ್ರ ತುಸು ಸಣ್ಣದಾಗಿ ಕಡಿದು ಸಡಿಲವಾಗಿ ಕೂರಿಸುತ್ತಿದ್ದರು. ನೆಲದಡಿ ಪೈಪು ಒಡೆದರೆ ಅದನ್ನು ಎತ್ತಿ, ಮಿಕ್ಕಿದ್ದನ್ನು ಕೈಯಲ್ಲೇ ಬಿಡಿಸಬಹುದು. ಅದಕ್ಕೆ ಬೆಣೆಕಲ್ಲು ಅನ್ನುತ್ತಿದ್ದರು. ಎಲ್ಲಿದೆ ಅಂತ ಗುಂಪಿನವರಿಗೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಹೊಸ ಅಧ್ಯಕ್ಷರು ಬಂದಾಗ ಅಪ್ಪ ಅವರನ್ನು ತಲೆಯ ಮೇಲೆ ಹೊತ್ತು ಕುಣಿದ. ಹಿಂದೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರಾದ್ದರಿಂದ ಜನ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ಲಂಚ ತಿಂದವರನ್ನು ಜೈಲಿಗೆ ಕಳಿಸಿದರು, ದೇಶ ಸರಿಮಾಡುತ್ತೇನೆ ಎಂದರು. ಅಪ್ಪ ಗೋಡೆಯ ಮೇಲಿದ್ದ ನಮ್ಮಜ್ಜನ ಫೋಟೋ ಇಳಿಸಿ ಮೇಷ್ಟ್ರದ್ದು ತೂಗುಹಾಕಿದ.

"ಹೆತ್ತಪ್ಪನಿಗಿಂತ ಹೆಚ್ಚಾ ನಿಮಗೆ ಅವನು?" ಎಂದಳು ಅಮ್ಮ.

"ನಮ್ಮಪ್ಪ ಯಾವ ಸುಧಾರಣೆ ಮಾಡಿದ್ದ ಹೇಳು?" ಎಂದ ಅಪ್ಪ.

ಆಮೇಲೆ ಸುಧಾರಣೆ ನಮ್ಮ ಮನೆ ಬಾಗಿಲಿಗೇ ಬಂತು. ಹಿಟ್ಟು, ಎಣ್ಣೆ, ಬಸ್ಸಿನ ಟಿಕೆಟ್ಟು ಎಲ್ಲದರ ಬೆಲೆಗೂ ಬೆಂಕಿ ಬಿತ್ತು. ಇನ್ನು ಸ್ವಲ್ಪ ದಿನ ಹಲ್ಲು ಕಚ್ಚಿಕೊಂಡಿರಿ ಎಂದು ಮೇಷ್ಟ್ರು ಟೀವಿಯಲ್ಲಿ ಪಾಠ ಮಾಡಿದರು. ನಗರಸಭೆಯ ಕೆಲಸವನ್ನು ಕಂಪನಿಗೆ ವಹಿಸಿ ಅಪ್ಪನ ಗುಂಪನ್ನು ಇಡಿಯಾಗಿ ಮನೆಗೆ ಕಳಿಸಿದರು. ಅಪ್ಪ ಆ ಫೋಟೋವನ್ನು ನೆಲಕ್ಕೆ ಅಪ್ಪಳಿಸಿದ. ಗಾಜು ಅವನದೇ ಪಾದಕ್ಕೆ ಹೊಕ್ಕಿತು. ಕುಂಟುತ್ತಲೇ ಮೆರವಣಿಗೆಗೆ ಹೋಗಲು ಶುರುಮಾಡಿದ.

ನಮ್ಮ ಯಜಮಾನರು ಪೊಲೀಸ್ ಪೇದೆ. ಅದೇ ಮೆರವಣಿಗೆಯನ್ನು ತಡೆಯುವುದು ಅವರ ಡ್ಯೂಟಿ. ಮಾವ ಅಳಿಯ ಇಬ್ಬರೂ ಒಂದೇ ಬಚ್ಚಲಿನಲ್ಲಿ ಮುಖ ತೊಳೆದು, ಒಂದೇ ಬಾಗಿಲಿಂದ ಹೊರಟು, ಚೌಕದಲ್ಲಿ ಎದುರುಬದುರು ನಿಲ್ಲುತ್ತಿದ್ದರು.

"ಮಾವ, ಇವತ್ತು ಮುಂದೆ ನಿಲ್ಲಬೇಡಿ. ಕೈ ಕಟ್ಟಿಕೊಂಡು ಇರಬೇಡಿ ಅಂತ ನಮಗೆ ಮೇಲಿಂದ ಆರ್ಡರ್ ಆಗಿದೆ" ಎಂದರು ಒಂದು ದಿನ ಬೆಳಿಗ್ಗೆ ಇವರು.

"ನೀನೇ ಹಿಂದೆ ನಿಂತ್ಕೊ. ಮುದುಕರನ್ನ ಬಡಿಯೋದು ಬಿಟ್ಟು ಬೇರೆ ಕೆಲಸ ಇಲ್ವಾ ನಿನಗೆ?"

"ನನಗೆ ಕೆಲಸ ಇದೆ ಮಾವ. ಇಲ್ಲದಿರೋದು ನಿಮಗೆ."

ಅಪ್ಪನ ಮುಖ ಸುಟ್ಟ ಹಾಗಾಯಿತು. ನಾನು ಸೌಟನ್ನು ಪಾತ್ರೆಗೆ ಕುಕ್ಕಿದೆ. "ಇಬ್ಬರೂ ಬಾಯಿ ಮುಚ್ಕೊಂಡು ತಿಂದು ಎದ್ದೇಳಿ" ಎಂದೆ. ತಿಂದರು, ಎದ್ದರು, ಹೋದರು.

ಮುಂದಿನದನ್ನು ಅಪ್ಪ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತಾನಾಗಿಯೇ ನನಗೆ ಹೇಳಿದ. ಗುಂಪಿನಲ್ಲಿ ಮರಳು ಜರಡಿ ಹಿಡಿಯುತ್ತಿದ್ದ ಹೆಂಗಸೊಬ್ಬಳು, ನಾವೆಲ್ಲ ಮರಳಕ್ಕ ಅನ್ನುತ್ತಿದ್ದವಳು, ಅವನ ಪಕ್ಕದಲ್ಲೇ ನಿಂತು ಕೂಗುತ್ತಿದ್ದಳಂತೆ. ಲಾಠಿಯ ಮೊದಲ ಏಟಿಗೇ ಅವಳ ತಲೆ ಬಿರಿಯಿತು. ಬಿದ್ದವಳ ಮೇಲೆ ಬೂಟುಗಳು ಹಾದುಹೋದವು. ಎಬ್ಬಿಸಲು ಬಗ್ಗಿದ ಇನ್ನೊಬ್ಬನ ಮೊಣಕೈ ಮುರಿದರು. ಜನ ಹುಚ್ಚೆದ್ದು ನೆಲ ಕೆರೆದರು. ಎಸೆಯಲು ಏನಾದರೂ ಬೇಕಿತ್ತು. ಉಗುರು ಕಿತ್ತು ರಕ್ತ ಬಂತೇ ಹೊರತು ಒಂದು ಕಲ್ಲೂ ಅಲುಗಲಿಲ್ಲ.

ಅಪ್ಪ ಕುಂಟುತ್ತಾ ದೀಪದ ಕಂಬದ ಬಳಿ ಹೋದ. ಹಳೆಯ ಅಭ್ಯಾಸದಂತೆ ಜೇಬಿನಲ್ಲಿದ್ದ ಸ್ಕ್ರೂಡ್ರೈವರ್ ತೂರಿಸಿ ಬೆಣೆಕಲ್ಲನ್ನು ಮೀಟಿದ. "ಇಲ್ಲಿಂದ ಕೀಳ್ರೋ!" ಎಂದು ಕಿರುಚಿದ.

ಕಣ್ಣು ಮಿಟುಕಿಸುವುದರೊಳಗೆ ಅಂಕಣ ಬಿಚ್ಚಿಕೊಂಡಿತು. ಮಾತು ಬಾಯಿಂದ ಬಾಯಿಗೆ ಹಾರಿ ಎಲ್ಲ ಕಂಬದ ಬುಡದಲ್ಲೂ ಮೀಟಿದರು. ಬಾಂಡಲಿ ಬಾಂಡಲಿ ಕಲ್ಲು ಪೊಲೀಸರ ಮೇಲೆ ಬಿತ್ತು. ಹೆಲ್ಮೆಟ್ಟು ಒಡೆದವು, ಹಲ್ಲು ಉದುರಿದವು. ನಮ್ಮ ಯಜಮಾನರು, ಪೊಲೀಸರೇ ಹಾರಿಸಿದ ಅಶ್ರುವಾಯುವಿನ ಉರಿ ತಾಳಲಾರದೆ, ಹೆಲ್ಮೆಟ್ಟಿನ ಗಾಜು ಎತ್ತಿ ಕಣ್ಣು ಒರೆಸಿಕೊಂಡರಂತೆ. ಆಗಲೇ ಒಂದು ಕಲ್ಲು ಎಡಗಣ್ಣಿಗೆ ಬಡಿಯಿತು. ಕೆನ್ನೆಯ ಮೂಳೆ ಪುಡಿಯಾಯಿತು, ದವಡೆ ಮುರಿಯಿತು. ಇವರು ಬಿದ್ದದ್ದು ಕಂಡು ಪಕ್ಕದವನು ಗುಂಡು ಹಾರಿಸಿದ. ಆಮೇಲೆ ಎಲ್ಲರೂ ಹಾರಿಸಿದರು. ಸತ್ತವರನ್ನು ಕಾಲು ಹಿಡಿದು ಎಳೆಯುವಾಗ ತಲೆಗಳು ಬರಿಯ ಮರಳಿನಲ್ಲಿ ಗೆರೆ ಬಿಡುತ್ತಿದ್ದವು ಎಂದ ಅಪ್ಪ.

"ನಾನು ಎಸೀಲಿಲ್ಲ ಮಗಳೇ."

"ಕಿತ್ತುಕೊಟ್ಟೆಯಲ್ಲಪ್ಪ!"

ಅವನು ಗೋಡೆಗೆ ತಲೆ ಚಚ್ಚಿಕೊಂಡ. ನಾನು ತಡೆಯಲಿಲ್ಲ. ಚಚ್ಚಿಕೊಳ್ಳಲಿ ಎಂದೇ ಅನಿಸಿತು.

ಇವರ ಕಣ್ಣು ತೆಗೆದರು. ದವಡೆಗೆ ತಂತಿ ಬಿಗಿದಿದ್ದರಿಂದ ಮಾತು ಬರುತ್ತಿರಲಿಲ್ಲ, ಕಿವಿ ಮಾತ್ರ ಕೇಳುತ್ತಿತ್ತು. ಕಲ್ಲು ಕೀಳುವ ಗುಟ್ಟು ಹೇಳಿಕೊಟ್ಟವನು ಯಾರೆಂದು ಇನ್ಸ್‌ಪೆಕ್ಟರು ವಾರ್ಡಿನಲ್ಲಿ ಎಲ್ಲರನ್ನೂ ಕೆದಕುತ್ತಿದ್ದ. ಸಿಕ್ಕರೆ ಗುಂಡಿಗೆ ಸತ್ತವರನ್ನೂ ಅವನ ತಲೆಗೇ ಕಟ್ಟುವುದು ಖಂಡಿತವಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಇವರಿಗೂ ಹೇಳಲಿಲ್ಲ.

ಗಾಯಗೊಂಡ ಪೊಲೀಸರನ್ನು ನೋಡಲು ಮೇಷ್ಟ್ರೇ ಬಂದರು. ಟೀವಿಯಲ್ಲಿ ಕಾಣುವುದಕ್ಕಿಂತ ಕುಳ್ಳ, ಕಣ್ಣಿನ ಕೆಳಗೆ ಕಪ್ಪು. ಹೊರಗೆ ಬೀದಿಯಲ್ಲಿ ಜನ ಅವರ ಹೆಸರು ಹಿಡಿದು ಬೈಯುತ್ತಿದ್ದದ್ದು ಕಿಟಕಿಯಿಂದ ಕೇಳುತ್ತಿತ್ತು. ಮಂಚದ ಪಕ್ಕದಲ್ಲಿದ್ದ ಅಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಿಮ್ಮ ಮಗನೇ?"

"ಅಳಿಯ."

"ಇದನ್ನು ಮಾಡಿಸಿದವರನ್ನು ನಾನು ಬಿಡುವುದಿಲ್ಲ."

"ಬಿಡಬೇಡಿ" ಎಂದ ಅಪ್ಪ. "ಮೊದಲ ಕಲ್ಲು ಕಿತ್ತೋನು ನಾನೇ."

ಕಾವಲಿನವರು ಅವನನ್ನು ನೆಲಕ್ಕೆ ಕೆಡವಿ ಬೆನ್ನಿನ ಮೇಲೆ ಮಂಡಿ ಊರಿದರು. ಬಾಯಿ ನೆಲಕ್ಕೆ ಬಡಿದು ರಕ್ತ ಸುರಿಯಿತು. ಮೇಷ್ಟ್ರು ಬೆದರಿಹೋಗಿದ್ದರು. ಅವರಿಗೂ ಇದು ಬೇಕಿರಲಿಲ್ಲ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ದುಃಖದಲ್ಲಿ ಏನೋ ಹೇಳುತ್ತಿದ್ದಾರೆ ಅಲ್ಲವೇನಮ್ಮ?" ಎಂದು ನನ್ನನ್ನು ಕೇಳಿದರು.

ಹೌದು ಸಾರ್, ತಲೆ ಕೆಟ್ಟಿದೆ ಅಂದಿದ್ದರೆ ಮುಗಿಯುತ್ತಿತ್ತು. ನಮ್ಮವರು ನನ್ನ ಮಣಿಕಟ್ಟನ್ನು ಮೂಳೆ ನೋಯುವಷ್ಟು ಬಿಗಿಯಾಗಿ ಹಿಡಿದರು. ಬ್ಯಾಂಡೇಜು ಸುತ್ತಿದ ತಲೆಯನ್ನು ಬೇಡ, ಬೇಡ ಎಂದು ಆಡಿಸಿದರು. ನಾನು ಆ ಬ್ಯಾಂಡೇಜನ್ನೇ ನೋಡಿದೆ. ಕಣ್ಣಿದ್ದ ಜಾಗದಲ್ಲಿ ಹಳ್ಳ ಬಿದ್ದಿತ್ತು. ಅಪ್ಪನ ಮೇಲೆ ನನಗೆ ಪ್ರಾಣ. ಆದರೆ ಆ ಗಳಿಗೆಯಲ್ಲಿ ಅವನಿಂದಲೇ ಬಂದ ಸಿಟ್ಟು ಗೆದ್ದಿತು.

"ಅವನು ಹೇಳ್ತಿರೋದು ನಿಜ" ಎಂದೆ.

ಇವರು ನನ್ನ ಕೈ ಬಿಟ್ಟರು.

ಅಪ್ಪ ಜೈಲಿನಲ್ಲಿದ್ದಾನೆ. ನಮ್ಮವರು ತಿಂಗಳು ತಿಂಗಳು ಹೋಗಿ ಮಾವನನ್ನು ನೋಡಿ, ಬಟ್ಟೆಬರೆ ಕೊಟ್ಟು ಬರುತ್ತಾರೆ. ನನ್ನನ್ನು ಬಾ ಎಂದು ಕರೆಯುವುದಿಲ್ಲ. ಬಂದ ಮೇಲೆ ಅಲ್ಲಿ ಏನು ಮಾತಾಯಿತು ಎಂದು ಹೇಳುವುದೂ ಇಲ್ಲ. ಬಡಿಸಿದರೆ ತಲೆ ತಗ್ಗಿಸಿ ಊಟ ಮಾಡುತ್ತಾರೆ.