ಬುಗುರಿಯ ಹೊಟ್ಟೆಯ ಗ್ರಾಫು

ಮಾನ್ಯ ಗಣಿತಪ್ರಿಯ ಮಹಾಜನಗಳೇ! ಗ್ರಾಫ್ ಬಿಡಿಸುವ ಕ್ಯಾಲ್ಕುಲೇಟರ್ ಈಗಲೂ ಬೇಕೇ ಎಂದು ಮಗಳು ಕೇಳಿದ್ದಾಳೆ. ಅವಳ ಮೊಬೈಲೇ ಗ್ರಾಫ್ ಬಿಡಿಸುತ್ತದೆ. ಅದನ್ನು ನೋಡಿದೊಡನೆ ನನ್ನ ಮೂಗಿಗೆ ಚನ್ನಪಟ್ಟಣದ ಮರದ ಗೊಂಬೆಗೆ ಬಳಿಯುವ ಬಿಸಿ ಅರಗಿನ ವಾಸನೆ ಬಂತು.

ಮೀಸೆ ಆಗಷ್ಟೇ ಚಿಗುರಿದ್ದ ಹರೆಯ ಅದು. ಗೊಂಬೆ ಕಡೆಯುತ್ತಿದ್ದ ಚಿಕ್ಕಪ್ಪನಿಗೆ, ಎರವಲು ತಂದ ಕ್ಯಾಲ್ಕುಲೇಟರಿನಲ್ಲಿ ಬುಗುರಿಯ ಹೊಟ್ಟೆಯಂಥ ಗೆರೆ ತೋರಿಸಿದೆ. ಕೈಯಲ್ಲಿ ಯಂತ್ರ, ಬಾಯಲ್ಲಿ ಅರೆಬೆಂದ ಮಂತ್ರ.

ಚಿಕ್ಕಪ್ಪ ಲೇತ್ ನಿಲ್ಲಿಸಿದ. "ಇದು ಬಂದ್ಮೇಲೆ ನಮ್ ಕಣ್ಣಳತೆ ಬ್ಯಾಡ್ವೇನ್ಲಾ?"

"ಬ್ಯಾಡ ಚಿಕ್ಕಪ್ಪ, ಇನ್ಮೇಲೆ ಎಲ್ಲಾ ಇದೇಯ."

"ಓದಿರೋನು ಹೇಳ್ತಾವ್ನೆ ಕಣಮ್ಮಿ," ಎಂದು ಚಿಕ್ಕಮ್ಮನ ಕಡೆ ತಿರುಗಿದ. ತಿಂಗಳೊಳಗೆ ಉಳಿಗಳನ್ನೆಲ್ಲ ಮಾರಿ, ಬಿಡದಿಯ ಕಾರ್ಖಾನೆಯೊಂದರ ಗೇಟಿನಲ್ಲಿ ವಾಚ್‌ಮನ್ ಆದ.

ಮಗಳು ಉತ್ತರಕ್ಕೆ ಕಾಯುತ್ತಿದ್ದಾಳೆ. ಬೇಕೋ ಬೇಡವೋ, ನನಗೆ ತಿಳಿಯುತ್ತಿಲ್ಲ. ಯಾವ ಗುಂಡಿ ಒತ್ತಿದ್ದಕ್ಕೆ ಆ ಗೆರೆ ಬಂತೆಂದು ಅವತ್ತೂ ನನಗೆ ಗೊತ್ತಿರಲಿಲ್ಲ.