ಹೋಗಿ ನೋಡಿ ಬರೆಯುವ ದಾಕ್ಷಾಯಿಣಿ

ಬೆಳಗಿನ ಐದೂಮುಕ್ಕಾಲು. ಹಿರಿಯೂರು ಬಸ್ ನಿಲ್ದಾಣದ ದೀಪಗಳು ಇನ್ನೂ ಆರಿಲ್ಲ. ಧರ್ಮಪುರದ ಕಡೆಯಿಂದ ಈಗಷ್ಟೇ ಬಂದು ನಿಂತ ಬಸ್ಸಿನ ಬಾಗಿಲಲ್ಲಿ ನಲವತ್ತಾರು ವರ್ಷದ ಹೆಂಗಸೊಬ್ಬರು ಕಂಡಕ್ಟರನ್ನು ತಡೆದು ನಿಲ್ಲಿಸಿದ್ದಾರೆ.

"ಮೆಟ್ಲು ಭಾಳ ಎತ್ರ ಐತಲ್ರೀ. ವಯಸ್ಸಾದೋರು ಹೆಂಗ್ ಹತ್ತಾದು?"

"ಕೈ ಕೊಟ್ಟು ಹತ್ತಿಸ್ಕಂತೀವಿ ಬಿಡ್ರಿ ಅಕ್ಕ. ಅದನ್ನೂ ಬರೀತೀರಾ?"

"ಬರೀದೆ ಏನು?" ಎಂದವರೇ ದಾಕ್ಷಾಯಿಣಿ ಪುಸ್ತಕ ತೆಗೆದು ಒಂದು ಸಾಲು ಗೀಚಿಕೊಳ್ಳುತ್ತಾರೆ. ಬಸ್ಸಿನ ಸಮಯ, ಅದು ಎಲ್ಲಿ ನಿಲ್ಲುತ್ತದೆ, ಅಲ್ಲಿಂದ ಚಿತ್ರದುರ್ಗದ ಬಸ್ ಹಿಡಿಯಲು ಎಷ್ಟು ಹೆಜ್ಜೆ ನಡೆಯಬೇಕು, ಎಲ್ಲವೂ ಪುಸ್ತಕ ಸೇರುತ್ತದೆ. ಎಂಟು ಗಂಟೆಯೊಳಗೆ ಮನೆಯ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು ಅದನ್ನೆಲ್ಲ ನೆಟ್ಟಿಗೆ ಹಾಕುತ್ತಾರೆ.

'ದುರ್ಗದ ದಾರಿ' ಎಂಬ ಜಾಲತಾಣದ ಏಕೈಕ ಬರಹಗಾರ್ತಿ ಇವರು. ಸರ್ಕಾರಿ ಕೆಲಸಕ್ಕೆ ಎಲ್ಲಿಗೆ ಹೋಗಬೇಕು, ಯಾವ ಕಾಗದ ಒಯ್ಯಬೇಕು ಎಂದು ತಿಳಿಸುವ ತಾಣ. ಒಂಬತ್ತು ವರ್ಷಗಳಲ್ಲಿ ಮುನ್ನೂರ ಹನ್ನೆರಡು ಪುಟ ಬರೆದಿದ್ದಾರೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು, ಚಿತ್ರದುರ್ಗದ ಕಚೇರಿಗಳಿಗೆ ತಾವೇ ಹೋಗಿ, ಸಾಲಿನಲ್ಲಿ ನಿಂತು, ಬಂದ ಮೇಲಷ್ಟೇ ಬರೆಯುವುದು. ತಾಣದ ಮಾಲೀಕ ಲಕ್ಷ್ಮೀಕಾಂತ್ ಚಿತ್ರದುರ್ಗದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವರು.

ಈ ಕೆಲಸಕ್ಕೆ ದಾಕ್ಷಾಯಿಣಿಯವರನ್ನು ಎಳೆತಂದದ್ದು ಒಂದು ಅಪಘಾತ. ಗಂಡ ಕೊಟ್ರೇಶ್ ಲಾರಿ ಓಡಿಸುತ್ತಿದ್ದರು. ಹತ್ತು ವರ್ಷದ ಹಿಂದೆ ಹೆದ್ದಾರಿಯಲ್ಲಿ ಲಾರಿ ಮಗುಚಿ ಬಲಗಾಲು ಹೋಯಿತು. ಅಂಗವಿಕಲರ ಪ್ರಮಾಣಪತ್ರವೊಂದಕ್ಕೆ ದಾಕ್ಷಾಯಿಣಿ ಹನ್ನೊಂದು ಸಲ ಅಲೆದರು. ಒಂದು ದಿನ ಫೋಟೋ ಸಾಲದು, ಇನ್ನೊಂದು ದಿನ ಸಹಿ ಮಾಡುವವರಿಲ್ಲ, ಮತ್ತೊಂದು ದಿನ ಬಂದ ಬಾಗಿಲೇ ತಪ್ಪು.

"ಯಾರೂ ಕೆಟ್ಟೋರಲ್ಲ ಕಣ್ರೀ," ಎನ್ನುತ್ತಾರೆ ಅವರು. "ಆದ್ರೆ ಒಬ್ರೂ ಪೂರ್ತಿ ಹೇಳ್ತಿರ್ಲಿಲ್ಲ. ಹನ್ನೊಂದನೇ ಸಲ ವಾಪಸ್ ಬರೋವಾಗ ಬಸ್ಸಾಗೇ ಒಂದು ಹಾಳೆ ಮೇಲೆ ಎಲ್ಲಾ ಬರ್ದೆ. ನನ್ನಂಗೆ ಇನ್ನೊಬ್ಳು ಅಲೀಬಾರ್ದು ಅಂತ."

ಆ ಹಾಳೆಯನ್ನು ಟೈಪ್ ಮಾಡಿಸಲು ಹೋದಾಗ ಸಿಕ್ಕವರೇ ಲಕ್ಷ್ಮೀಕಾಂತ್. ಹಾಳೆ ತಾಣದ ಮೊದಲ ಪುಟವಾಯಿತು.

ಅವರ ಬರವಣಿಗೆಯನ್ನು ಓದಿದರೆ ಯಾರೋ ಪಕ್ಕದಲ್ಲಿ ಕುಳಿತು ಹೇಳಿದಂತಿರುತ್ತದೆ. ಒಂದು ಪುಟದಲ್ಲಿ ಹೀಗಿದೆ: 'ಮೂರನೇ ಕೌಂಟರಿನ ಮುಂದೆ ನೆರಳಿಲ್ಲ. ಜೊತೆಗೆ ಬಂದ ಅಜ್ಜಿಯನ್ನು ಎದುರಿನ ಬೇವಿನ ಮರದಡಿ ಕೂರಿಸಿ, ನೀವು ಸಾಲಿಗೆ ನಿಲ್ಲಿ. ಊಟದ ಹೊತ್ತಿಗೆ ಕಿಟಕಿ ಮುಚ್ಚುತ್ತದೆ, ಗಾಬರಿಯಾಗಬೇಡಿ, ಮತ್ತೆ ತೆಗೆಯುತ್ತಾರೆ.'

ಎರಡು ವರ್ಷದ ಹಿಂದೆ ಈ ಪುಟಗಳನ್ನು ದಿನಕ್ಕೆ ಸಾವಿರದ ಆರುನೂರು ಜನ ತೆರೆಯುತ್ತಿದ್ದರು. ಪುಟದ ಕೊನೆಯಲ್ಲಿರುವ ದಾಕ್ಷಾಯಿಣಿಯವರ ನಂಬರಿಗೆ ಇಪ್ಪತ್ತು ಕರೆಯಾದರೂ ಬರುತ್ತಿತ್ತು. ಈಗ ತೆರೆಯುವವರು ಎಪ್ಪತ್ತು. ಕರೆ ಬಂದರೆ ಒಂದು, ಎರಡು. ಅದೂ ಹೆಚ್ಚಾಗಿ ಬೈಯಲು.

ಜನ ಹುಡುಕುವುದನ್ನು ಬಿಟ್ಟಿಲ್ಲ. ಫೋನಿನಲ್ಲಿ ಪ್ರಶ್ನೆ ಕೇಳಿದೊಡನೆ ಎಐ ತಾನೇ ಒಂದು ಉತ್ತರ ಕಟ್ಟಿ ಮೇಲೆ ತೋರಿಸುತ್ತದೆ. ಅದರ ಸರಕು ದಾಕ್ಷಾಯಿಣಿಯವರ ಪುಟದ್ದೇ. ಕೆಳಗೆ ಸಣ್ಣಕ್ಷರದಲ್ಲಿ 'ದುರ್ಗದ ದಾರಿ, ದಾಕ್ಷಾಯಿಣಿ' ಎಂಬ ಹೆಸರೂ ಇರುತ್ತದೆ. ಉತ್ತರ ಸಿಕ್ಕ ಮೇಲೆ ಪುಟ ತೆರೆಯುವವರು ಯಾರು?

ಹಾಗಾದರೂ ಜನರ ಕೆಲಸ ಆಗುತ್ತದಲ್ಲ ಎಂದು ದಾಕ್ಷಾಯಿಣಿ ಸಮಾಧಾನ ಮಾಡಿಕೊಂಡಿದ್ದರು. ಎರಡು ತಿಂಗಳ ಹಿಂದಿನ ಒಂದು ಬುಧವಾರ ಅದೂ ಹೋಯಿತು.

ಚಿತ್ರದುರ್ಗದಲ್ಲಿ ಪ್ರಮಾಣಪತ್ರಕ್ಕಾಗಿ ತಿಂಗಳಿಗೊಮ್ಮೆ ನಡೆಯುವ ತಪಾಸಣಾ ಶಿಬಿರ ಆ ಸಲ ಬುಧವಾರದಿಂದ ಶುಕ್ರವಾರಕ್ಕೆ ಹೋಗಿತ್ತು. ಸೋಮವಾರ ಅಲ್ಲಿಗೇ ಹೋಗಿ ವಿಚಾರಿಸಿದ ದಾಕ್ಷಾಯಿಣಿ ಅಂದೇ ಪುಟ ತಿದ್ದಿದರು. 'ದಿನ ಬದಲಾಗಿದೆ' ಎಂದು ಕೆಂಪಕ್ಷರದಲ್ಲಿ ಮೇಲೆಯೇ ಹಾಕಿದರು. ಎಐ ಮಾತ್ರ ಹಳೆಯ ಪುಟವನ್ನೇ ಹಿಡಿದುಕೊಂಡಿತ್ತು.

ಬುಧವಾರ ಬೆಳಗ್ಗೆ ಹತ್ತೂವರೆಗೆ ಶಿಬಿರದ ಜಾಗದ ಪರಿಚಯದ ಕಾವಲುಗಾರನಿಂದ ದಾಕ್ಷಾಯಿಣಿಯವರಿಗೆ ಫೋನ್ ಬಂತು. ಧರ್ಮಪುರದ ಆಚೆಯ ಹಳ್ಳಿಯಿಂದ ಅಜ್ಜಿಯೊಬ್ಬರು ನಡೆಯಲಾಗದ ಮಗಳನ್ನು ಕರೆತಂದು ಮುಚ್ಚಿದ ಗೇಟಿನ ಮುಂದೆ ಕುಳಿತಿದ್ದಾರೆ ಎಂದ. ದಾಕ್ಷಾಯಿಣಿ ಸಿಕ್ಕಿದ ಬಸ್ ಹತ್ತಿದರು. ಹೋಗಿ ನೋಡಿದರೆ ಪಾಲಮ್ಮ ಎಂಬ ಆ ಅಜ್ಜಿ ಗೋಡೆಗೆ ಒರಗಿದ್ದರು. ಹತ್ತೊಂಬತ್ತರ ಮಗಳು ಚೌಡೇಶ್ವರಿ ಅವರ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಸೀರೆಯ ಸೆರಗನ್ನು ಮಗಳ ಮುಖಕ್ಕೆ ಮರೆ ಮಾಡಿದ್ದರು.

"ನೀನೇನಮ್ಮ ಬರೆಯಾಕಿ?" ಎಂದು ಕೇಳಿದರು ಪಾಲಮ್ಮ.

"ಹೂಂ ಅಜ್ಜಿ, ನಾನೇ."

"ಬುಧವಾರ ಅಂತ ನಿನ್ನ ಹೆಸ್ರಾಗೇ ಐತಂತೆ. ಪಕ್ಕದ್ಮನೆ ಹಾಲೇಶ ಫೋನ್ನಾಗೆ ನೋಡಿ ಹೇಳ್ದ."

"ನಾನು ಬದ್ಲಾಯಿಸಿದ್ದೆ ಅಜ್ಜಿ. ಅದು ಹಳೇದನ್ನ ಹೇಳೈತೆ."

"ಅದು ಅಂದ್ರೆ ಯಾರವ್ವ?"

ದಾಕ್ಷಾಯಿಣಿ ಹತ್ತಿರದ ಹೋಟೆಲಿನಿಂದ ಊಟ ತಂದರು. ಊಟ ಮಾಡಿಸಿ, ಚೌಡೇಶ್ವರಿಯನ್ನು ಇಬ್ಬರೂ ಹಿಡಿದು ಬಸ್ ಹತ್ತಿಸಿದರು. ಶುಕ್ರವಾರ ನಾನೇ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟರು.

ಶುಕ್ರವಾರ ಗಾಲಿಕುರ್ಚಿಯೊಂದನ್ನು ಕೇಳಿ ತಂದು ದಾಕ್ಷಾಯಿಣಿ ಚಿತ್ರದುರ್ಗದ ನಿಲ್ದಾಣದಲ್ಲಿ ಕಾದರು. ಆ ಕಡೆಯ ಬಸ್ ಬಂದಾಗಲೆಲ್ಲ ಎದ್ದು ನಿಂತರು. ತಾಯಿ ಮಗಳು ಬರಲಿಲ್ಲ. ಮುಂದಿನ ವಾರ ಹಳ್ಳಿಗೇ ಹೋದರು. ಪಾಲಮ್ಮ ಮಣೆ ಹಾಕಿ, ನೀರು ಕೊಟ್ಟು, ಕಡ್ಡಿ ಮುರಿದಂತೆ ಹೇಳಿದರು: "ಬಸ್ಸಾಗೆ ಎಲ್ರ ಮುಂದೆ ಎತ್ತಿ ಇಳಿಸ್ತಾರೆ ಅಂತ ಮಗಳು ದಾರಿಯುದ್ದಕ್ಕೂ ಅತ್ಲು ಕಣವ್ವ. ಒಂದ್ಸಲ ಒಪ್ಪಿಸಾಕೆ ಒಂದು ವರ್ಷ ಹಿಡೀತು. ನಿನ್ ಮಾತು ನಂಬಿ ಬಂದಿದ್ದು ಸಾಕು."

ಒಳಗಿನ ಕೋಣೆಯಲ್ಲಿದ್ದ ಚೌಡೇಶ್ವರಿ ಹೊರಗೆ ಬರಲಿಲ್ಲ. ಎರಡು ಶಿಬಿರ ಕಳೆದಿವೆ. ಅವಳಿಗೆ ಇನ್ನೂ ಪ್ರಮಾಣಪತ್ರವಿಲ್ಲ.

ಉತ್ತರ ತಪ್ಪಾಗಿದೆ ಎಂದು ದಾಕ್ಷಾಯಿಣಿ ಹುಡುಕಾಟದ ಕಂಪನಿಗೆ ಮೂರು ಸಲ ಬರೆದಿದ್ದಾರೆ. ಮೂರು ಸಲವೂ ಬಂದದ್ದು ಒಂದೇ ಸಾಲು, 'ನಿಮ್ಮ ಅನಿಸಿಕೆಗೆ ಧನ್ಯವಾದ'.

ಲಕ್ಷ್ಮೀಕಾಂತ್ ಅವರನ್ನು ದೂರುವಂತೆಯೂ ಇಲ್ಲ. "ಪುಟ ತೆಗೆಯೋರೇ ಇಲ್ಲ ಸಾರ್, ಜಾಹೀರಾತು ನಿಂತೋಗೈತೆ," ಎನ್ನುತ್ತಾರೆ. "ಓದ್ತಿರಾದು ಮಿಷನ್. ಅದಕ್ಕೆ ಬೇಕಾದಂಗೆ ಬರೀರಿ ಅಂತ ಅಕ್ಕನಿಗೆ ಹೇಳ್ದೆ. ಒಂದು ಪ್ರಶ್ನೆ, ಎರಡು ಸಾಲು ಉತ್ತರ, ಅಷ್ಟೇ."

ದಾಕ್ಷಾಯಿಣಿ ಪ್ರಯತ್ನಪಟ್ಟರು. ಒಂದು ಪುಟ ತೆಗೆದುಕೊಂಡು ಬೇವಿನ ಮರ ಅಳಿಸಿದರು. ಅಜ್ಜಿಯನ್ನು ಅಳಿಸಿದರು. 'ಗಾಬರಿಯಾಗಬೇಡಿ' ಎಂಬುದನ್ನು ಅಳಿಸುವಾಗ ಕೈ ನಿಂತಿತು.

"ಅದನ್ನೆಲ್ಲ ತೆಗೆದ್ರೆ ಉಳಿಯಾದೇನು ಹೇಳ್ರಿ? ವಿಳಾಸ ಉಳೀತೈತೆ. ವಿಳಾಸ ಗೊತ್ತಿದ್ದೇ ನಾನು ಹನ್ನೊಂದು ಸಲ ಅಲೆದಿದ್ದು."

ಲಕ್ಷ್ಮೀಕಾಂತ್ ಅವರ ತೀರ್ಮಾನದಂತೆ ಮುಂದಿನ ತಿಂಗಳಿಂದ ತಾಣದ ಪುಟಗಳನ್ನೂ ಎಐ ಬರೆಯಲಿದೆ. ಮುನ್ನೂರ ಹನ್ನೆರಡು ಪುಟಗಳು ಒಂದು ಮಧ್ಯಾಹ್ನದಲ್ಲಿ ಹೊಸದಾಗುತ್ತವಂತೆ. ದಾಕ್ಷಾಯಿಣಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಮಾತಾಡಿಕೊಂಡು ಬಂದಿದ್ದಾರೆ. ಕೊಟ್ರೇಶ್ ಜಗುಲಿಯಲ್ಲಿ ಕುಳಿತು ಹೆಂಡತಿಯ ಮುಖವನ್ನೇ ನೋಡುತ್ತಾರೆ. "ಇನ್ನು ಯಾಕೆ ಬಸ್‌ಸ್ಟ್ಯಾಂಡಿಗೆ ಹೋಗ್ತೀಯಾ ಅಂತ ಕೇಳ್ದೆ," ಎನ್ನುತ್ತಾರೆ ಮೆಲ್ಲಗೆ. "ಮೂವತ್ತನೇ ತಾರೀಕಿನ ತನಕ ನಾನೇ ಅಲ್ವಾ ಅಂದ್ಲು."

ಲಕ್ಷ್ಮೀಕಾಂತ್ ಅವರಲ್ಲಿ ದಾಕ್ಷಾಯಿಣಿ ಕೇಳಿಕೊಂಡಿರುವುದು ಒಂದೇ. ಅದಕ್ಕೆ ಇನ್ನೂ ಉತ್ತರ ಬಂದಿಲ್ಲ.

"ಪುಟದ ಕೆಳಗೆ ನನ್ನ ಹೆಸ್ರು, ನಂಬರು ಇರ್ತೈತಲ್ಲ, ಅದನ್ನ ತೆಗ್ಸಿ ಬಿಡಪ್ಪ ಅಂದೀನಿ. ಒಂಬತ್ತು ವರ್ಷದಾಗೆ ಕಣ್ಣಾರೆ ನೋಡ್ದೆ ಯಾವ ಬಾಗ್ಲೂ ತೆಗ್ದೈತೆ ಅಂತ ಬರ್ದಿಲ್ಲ ನಾನು."