ಏರದ ಮುಳ್ಳು

ಚನ್ನಗಿರಿಯ ಕರೀಮ್‌ಗೆ ಹೆದರಿಕೆ ಹುಟ್ಟುಗುಣ. ಅಡಿಕೆ ಬೇಯಿಸುವ ಕೆಲಸ ಬಿಟ್ಟು ದಾವಣಗೆರೆಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿ ಆರು ವರ್ಷವಾಗಿತ್ತು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದ ಮಹೇಶ್ವರಪ್ಪ ಮೇಷ್ಟ್ರು ಸುಮ್ಮನೆ ಕೆಮ್ಮಿದರೂ ಇವನ ಎದೆ ಧಸಕ್ಕೆನ್ನುತ್ತಿತ್ತು.

೧೯೮೩ರ ಒಂದು ಸಂಜೆ ಮೇಷ್ಟ್ರು, ಬಿಳಿ ನೂಲಿನಂಥ ಡಿ.ಎನ್.ಎ.ಯನ್ನು ಉಪ್ಪುನೀರಿಗೆ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡು ಎಂದಿದ್ದರು. ಬಸ್ಸಿನ ಅವಸರದಲ್ಲಿ ಕರೀಮ್ ಮರೆತೇಬಿಟ್ಟ. ಬೆಳಗ್ಗೆ ನೆನಪಾಗಿ ನೀರಿಗೆ ಹಾಕಿದರೆ ಆ ಹಾಳಾದ ನೂಲು ಕರಗಲೊಲ್ಲದು. ಅಡಿಕೆ ಬೇಯಿಸಿದ ಚೊಗರು ಗಟ್ಟಿಯಾದರೆ ಬಿಸಿಮಾಡಿ ತಿಳಿಮಾಡಿ ರೂಢಿಯಿದ್ದವನಲ್ಲವೇ, ಸೀಸೆಯನ್ನು ಕುದಿಯುವ ನೀರಿನಲ್ಲಿಟ್ಟ. ಕರಗಿತು. ತಣ್ಣೀರಿನಲ್ಲಿ ಆರಿಸಿ, ಏನೂ ಅರಿಯದವನಂತೆ ಮೇಜಿನ ಮೇಲಿಟ್ಟ.

ಪ್ರಯೋಗ ಸವಳಂಗದ ಎಂ.ಎಸ್ಸಿ. ವಿದ್ಯಾರ್ಥಿನಿ ರುದ್ರಾಣಿಯದು. ಬಿಸಿ ಮಾಡಿದಂತೆ ಡಿ.ಎನ್.ಎ.ಯ ಜೋಡಿ ಎಳೆಗಳು ಬಿಚ್ಚಿಕೊಂಡು ಹೆಚ್ಚು ಬೆಳಕು ಹೀರಬೇಕು, ಅದನ್ನು ಅಳೆಯುವ ಯಂತ್ರದ ಮುಳ್ಳು ಏರಬೇಕು. ಆದರೆ ಮುಳ್ಳು ಮೊದಲೇ ಮೇಲಿತ್ತು. ಎಷ್ಟು ಕಾಯಿಸಿದರೂ ಏರಲೊಲ್ಲದು. ಯಂತ್ರದ ದೀಪ ಬದಲಿಸಿದರು, ಗಾಳಿಗುಳ್ಳೆ ಇದೆಯೇ ನೋಡಿದರು. ಕೊನೆಗೆ ಮೇಷ್ಟ್ರು ರುದ್ರಾಣಿಯ ಕಡೆ ತಿರುಗಿದರು.

"ನೀನೇ ಏನೋ ಕೆಡಿಸಿದೀಯ. ನಿನ್ನ ಪ್ರಾಜೆಕ್ಟಿಗೆ ನಾನು ಸಹಿ ಹಾಕಾಕೆ ಆಗಲ್ಲ."

ಹುಡುಗಿ ಅಳತೊಡಗಿದಳು. ಕರೀಮ್ ಬಾಗಿಲ ಕಡೆ ನೋಡಿದ. ಸುಮ್ಮನಿದ್ದರೆ ಬಚಾವು, ಆದರೆ ಅವಳ ಅಳು ಕೇಳಲಾಗಲಿಲ್ಲ.

"ಅದನ್ನ ಕುದಿಯೋ ನೀರಾಗೆ ಇಟ್ಟಿದ್ದು ನಾನು ಸಾರ್."

ಮೇಷ್ಟ್ರು ಅವನನ್ನೇ ದಿಟ್ಟಿಸಿದರು. "ಎಳೆ ಮೊದಲೇ ಬಿಚ್ಚಿದ್ರೆ ಮುಳ್ಳು ಹೆಂಗೆ ಏರ್ತೈತೆ? ಈಗ್ಲೇ ಹೊಸದು ಹಾಕಿಡು. ನಾಳೇನೂ ಏರದಿದ್ರೆ ನೀನು ಮತ್ತೆ ಬರಾದು ಬೇಡ."

ಮರುದಿನ ಕರೀಮ್ ಬಾಗಿಲಿಗೆ ಒರಗಿ ನಿಂತ. ಈ ಸಲ ಮುಳ್ಳು ಕೆಳಗಿತ್ತು. ಐವತ್ತು ಡಿಗ್ರಿ, ಮುಳ್ಳು ಅಲ್ಲೇ. ಅರವತ್ತು, ಅಲ್ಲೇ. ಎಪ್ಪತ್ತಾದಾಗ ಹೆಂಡತಿ ಹಜೀರಾಳ ಮುಖ ಕಣ್ಣಮುಂದೆ ಬಂತು. ಅವಳಿಗೆ ಏನಂತ ಹೇಳುವುದು?

ಎಂಬತ್ತು ದಾಟಿದ್ದೇ ತಡ, ಮುಳ್ಳು ಸರಸರನೆ ಏರಿತು. "ಕರೀಮಣ್ಣ, ನೋಡ್ರಿ!" ಎಂದು ರುದ್ರಾಣಿ ತಿರುಗಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಗೂಟದಲ್ಲಿ ಅವನ ಬುತ್ತಿ ಚೀಲವೂ ಇರಲಿಲ್ಲ.

ಅವಳು ಬಸ್ ಸ್ಟ್ಯಾಂಡಿಗೆ ಓಡಿದಳು. ಚನ್ನಗಿರಿ ಬಸ್ಸಿನ ಕೊನೆಯ ಸೀಟಿನಲ್ಲಿ ಕರೀಮ್ ಚೀಲ ಅವಚಿಕೊಂಡು ಕೂತಿದ್ದ.

"ಇಳೀರಿ ಕರೀಮಣ್ಣ, ಮುಳ್ಳು ಏರೈತೆ!"

ಅವನು ಏಳಲು ನೋಡಿ ಮತ್ತೆ ಕುಸಿದು ಕೂತ.

"ಚೂರು ತಡಿಯಮ್ಮಾ," ಎಂದ. "ಕಾಲು ನಿಲ್ಲವಲ್ವು."